ಮೊಮ್ಮಗನೂ ನಾನೂ ಹಡಗು ಹತ್ತಿದೆವು!

1978ರಲ್ಲಿ ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’ ನೋಡಿ ಬಂದಾಗಿನಿಂದ ನನಗೆ ಆ ಊರಿನ ಹುಚ್ಚು. ವಿಷ್ಣು, ದ್ವಾರಕೀಶ್ ಓಡಾಡಿದ ಊರಿಗೆ ನಾನು ಹೋದದ್ದು ಅಜ್ಜಿಯಾದ ಮೇಲೆ, ಏಳು ತಿಂಗಳ ಮೊಮ್ಮಗನನ್ನು ಎತ್ತಿಕೊಂಡು!

ಅಲ್ಲಿಂದ ನಾಲ್ಕು ದಿನದ ಹಡಗಿನ ಪ್ರವಾಸ. ಮಗಳು ಹಿಂದೆಮುಂದೆ ನೋಡಿದಳು. “ನಾನಿಲ್ವೇನೇ? ಹೊರಡು” ಎಂದವಳು ನಾನೇ. ಆರು ತಿಂಗಳು ತುಂಬದ ಕೂಸನ್ನು ಹೆಚ್ಚಿನ ಹಡಗುಗಳು ಹತ್ತಿಸಿಕೊಳ್ಳೋದಿಲ್ಲ, ಮಹಾಸಾಗರ ದಾಟುವುದಾದರೆ ವರ್ಷ ತುಂಬಿರಬೇಕು ಎಂದಾಗ, “ಎಂಥಾ ಕಾನೂನೋ!” ಅಂತ ನಕ್ಕಿದ್ದೆ.

ಮೊದಲ ದಿನ ಮಜವೋ ಮಜ. ಡಯಾಪರ್ ಹಾಕುವ ಮಗುವನ್ನು ಈಜುಕೊಳಕ್ಕೆ ಬಿಡೋದಿಲ್ಲ ಅಂದರು. ಕೋಣೆಯ ಬಚ್ಚಲಲ್ಲೇ ನಮ್ಮ ರಾಜಕುಮಾರನ ಜಲಕ್ರೀಡೆ ನಡೆಯಿತು.

ಎರಡನೇ ರಾತ್ರಿ ಮಗುವಿನ ಮೈ ಕೆಂಡ! ಕಿಟಕಿಯಾಚೆ ಮಲಾಕಾ ಜಲಸಂಧಿಯ ಕಗ್ಗತ್ತಲು. ಊರಲ್ಲಾದರೆ ಆಟೋ ಹಿಡಿದು ಓಡಬಹುದಿತ್ತು. ಇಲ್ಲಿ ಎಲ್ಲಿಗೆ ಓಡೋದು? ಮಗಳು ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಹಡಗಿನ ಡಾಕ್ಟರು ಮಗುವನ್ನು ತೂಗಿ, ಅದಕ್ಕೆ ತಕ್ಕಷ್ಟೇ ಪ್ಯಾರಾಸಿಟಮಾಲ್ ಕೊಟ್ಟರು. ಅವರ ಇಂಗ್ಲಿಷನ್ನು ಅಳಿಯಂದಿರು ಕನ್ನಡ ಮಾಡಿದರು: “ಇಲ್ಲಿರೋದು ಚಿಕ್ಕ ದವಾಖಾನೆ, ದೊಡ್ಡಾಸ್ಪತ್ರೆ ಅಲ್ವಂತೆ ಅತ್ತೆ. ಅದಕ್ಕೇ ಆರು ತಿಂಗಳ ಕಾನೂನಂತೆ.” ನನಗೆ ನಗು ಬರಲಿಲ್ಲ.

ಬೆಳಗಿನ ಜಾವ ಜ್ವರ ಇಳಿಯಿತು. ಪುಟ್ಟ ನನ್ನ ಮೂಗು ಹಿಡಿದೆಳೆದ. ಮಗಳು ಆಗ ನಕ್ಕಳು.

ನೀವೂ ಹೋಗಿಬನ್ನಿ. ಆದರೆ ಮೊದಲು ಮಗುವಿನ ಡಾಕ್ಟರನ್ನು ಕೇಳಿ. ಔಷಧಿ, ಹಾಲಿನಪುಡಿ ಮನೆಯಿಂದಲೇ ಕಟ್ಟಿಕೊಳ್ಳಿ. ಸಿನಿಮಾದ ಹಡಗಿನಲ್ಲಿ ಹಾಡು ಮುಗಿಯುವಷ್ಟರಲ್ಲಿ ದಡ ಬರುತ್ತೆ. ನಿಜದ ಹಡಗಿನಲ್ಲಿ ಬೆಳಗಾಗೋವರೆಗೂ ಕಾಯಬೇಕು!