ಯಲಹಂಕದ ತೊಟ್ಟಿಮನೆ

ಯಶವಂತಪುರದಿಂದ ಹೆಬ್ಬಾಳದ ಮಾರ್ಗವಾಗಿ ಯಲಹಂಕಕ್ಕೆ ಹೊರಟವರ ಕಣ್ಣಿಗೆ ಇಂದು ಮೊದಲು ಬೀಳುವುವು ಮೇಲುಸೇತುವೆಗಳು, ಬಹುಮಹಡಿ ಕಟ್ಟಡಗಳು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ಆರಂಭವಾದ ಮೇಲೆ ಬಳ್ಳಾರಿ ರಸ್ತೆಯ ಸ್ವರೂಪವೇ ಬದಲಾಯಿತು. ಆದರೆ ಈ ನೆಲ ಬಹು ಹಳೆಯದು. 1537ರಲ್ಲಿ ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದ ಕೆಂಪೇಗೌಡರದು ಯಲಹಂಕ ನಾಡಪ್ರಭುಗಳ ಮನೆತನ. ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ದೊರೆತ ಕಿತ್ತಯ್ಯನ ವೀರಗಲ್ಲು ಕ್ರಿ.ಶ. 750ರ ಸುಮಾರಿನದು, ಗಂಗರ ಶ್ರೀಪುರುಷನ ಕಾಲದ್ದು. ಮಿಥಿಕ್ ಸೊಸೈಟಿಯವರು 2021ರಲ್ಲಿ ಕೈಗೊಂಡ ಯೋಜನೆಯಿಂದಾಗಿ ಇಂತಹ ಶಾಸನಗಳು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಆಗಿ ಉಳಿಯುತ್ತಿವೆ. ಕಲ್ಲುಗಳಿಗೆ ದೊರೆತ ಈ ಭಾಗ್ಯ ನಾವು ಹುಟ್ಟಿ ಬೆಳೆದ ಮನೆಗಳಿಗೆ ದೊರೆತಿಲ್ಲ.

ಹಳೆಯ ಯಲಹಂಕದ ಓಣಿಯೊಂದರಲ್ಲಿ ಪರಿಚಿತರ ತೊಟ್ಟಿಮನೆಯಿದೆ. ಸೋದರರು ಪಾಲಾಗಿ, ಮನೆಯನ್ನು ಕೆಡವುವುದೆಂದು ತೀರ್ಮಾನವಾಗಿದ್ದಿತು. ಅದಕ್ಕೆ ಮುನ್ನ ಪಡಸಾಲೆಯ ಒಂದು ಒಳ್ಳೆಯ ಚಿತ್ರವಿರಲಿ ಎಂದು ಅವರು ಬಯಸಿದುದರಿಂದ, ಛಾಯಾಗ್ರಾಹಕ ಮಿತ್ರರೊಡನೆ ನಾವು ಅಲ್ಲಿಗೆ ಹೋದೆವು.

ಇಕ್ಕಟ್ಟಾದ ಪಡಸಾಲೆ ಒಂದೇ ಚಿತ್ರದಲ್ಲಿ ಹಿಡಿಯುವುದಿಲ್ಲ. ಮೊಬೈಲನ್ನು ತಿರುಗಿಸುತ್ತ ತೆಗೆದರೆ ನೇರವಾದ ತೊಲೆ ಬಿಲ್ಲಿನಂತೆ ಬಾಗುತ್ತದೆ. ಹತ್ತಿರದ ಕಂಬ ಹಿಂದಿನ ಗೋಡೆಯೊಡನೆ ಹೊಂದಿಕೊಳ್ಳದೆ ಮುರಿದಂತೆ ಕಾಣುತ್ತದೆ. ಮಿತ್ರರ ಉಪಾಯ ಬೇರೆಯಾಗಿದ್ದಿತು. ದೊಡ್ಡ ಫಿಲ್ಮ್ ಕ್ಯಾಮೆರಾದ ಹಳೆಯ 35 ಮಿ.ಮೀ. ಮಸೂರವೊಂದು ಅವರಲ್ಲಿದ್ದಿತು. ಅದು ಸುಮಾರು 56 ಮಿ.ಮೀ. ಅಗಲ, 42 ಮಿ.ಮೀ. ಎತ್ತರದ ಫಿಲ್ಮಿಗಾಗಿ ಮಾಡಿದ್ದು. ಇಂದಿನ ಡಿಜಿಟಲ್ ಕ್ಯಾಮೆರಾದ 36ಕ್ಕೆ 24 ಮಿ.ಮೀ. ಸೆನ್ಸರಿಗಿಂತ ಬಹು ದೊಡ್ಡ ವೃತ್ತದಲ್ಲಿ ಬಿಂಬ ಮೂಡಿಸುತ್ತದೆ. ಮಸೂರವನ್ನು ಟ್ರೈಪಾಡಿಗೆ ಅಲುಗದಂತೆ ಬಿಗಿದು, ಅಡಾಪ್ಟರಿನ ನೆರವಿನಿಂದ ಹಿಂದಿನ ಕ್ಯಾಮೆರಾವನ್ನು ಮಾತ್ರ ನಡುವಿನಿಂದ ಎಡಕ್ಕೆ 12 ಮಿ.ಮೀ., ಬಲಕ್ಕೆ 12 ಮಿ.ಮೀ. ಸರಿಸಿ ಮೂರು ಚಿತ್ರಗಳನ್ನು ತೆಗೆದರು. ನೋಡುವ ಕಣ್ಣು ಕದಲದಿರುವುದರಿಂದ ಕಂಬಗಳು ಸ್ಥಾನ ತಪ್ಪುವುದಿಲ್ಲ. ಫೋಕಸ್ ಹಾಗೂ ಬೆಳಕಿನ ಪ್ರಮಾಣವನ್ನು ಮೂರಕ್ಕೂ ಒಂದೇ ಸಮನಾಗಿ ಇಡಬೇಕು. ತೊಟ್ಟಿಯಿಂದ ಇಳಿಯುವ ಬಿಸಿಲು ಮೋಡಕ್ಕೆ ಮರೆಯಾದರೆ ಮತ್ತೆ ಮೊದಲಿನಿಂದ ತೆಗೆಯಬೇಕು.

ಮೂರನ್ನೂ ಕಂಪ್ಯೂಟರಿನಲ್ಲಿ ಜೋಡಿಸಿದಾಗ 60 ಮಿ.ಮೀ. ಅಗಲದ ಸೆನ್ಸರಿನಲ್ಲಿ ತೆಗೆದಷ್ಟು ನೋಟ ದೊರೆಯಿತು. 54 ಡಿಗ್ರಿಯ ನೋಟ 81 ಡಿಗ್ರಿಗೆ ಹಿಗ್ಗಿತು. 24 ಮೆಗಾಪಿಕ್ಸೆಲ್ಲಿನ ಚಿತ್ರ 40 ಮೆಗಾಪಿಕ್ಸೆಲ್ಲಿನದಾಯಿತು. ಬೋದಿಗೆಯ ಕೆತ್ತನೆ, ದೀಪದ ಗೂಡಿನ ಮಸಿ, ತೊಲೆಯಲ್ಲಿನ ಕಬ್ಬಿಣದ ಕೊಂಡಿಗಳು, ಎಲ್ಲವೂ ಸ್ಪಷ್ಟವಾಗಿದ್ದವು.

ಮನೆಯ ಹಿರಿಯಜ್ಜಿ ಚಿತ್ರವನ್ನು ಬಹುಹೊತ್ತು ನೋಡಿ, "ನಮ್ಮ ಪಡಸಾಲೆ ಇಷ್ಟು ದೊಡ್ಡದಿತ್ತೇನಪ್ಪಾ?" ಎಂದರು. ಬಳಿಕ ಕೊಂಡಿಗಳ ಮೇಲೆ ಬೆರಳಿಟ್ಟು, ಅಲ್ಲಿ ತೂಗಿದ ತೊಟ್ಟಿಲಲ್ಲಿ ಮಲಗಿದ್ದ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹೇಳತೊಡಗಿದರು. ಪಾಲಿನ ಮಾತಿನಿಂದ ಮುಖ ತಪ್ಪಿಸಿಕೊಂಡಿದ್ದ ಸೋದರರು ಆ ಹೆಸರುಗಳನ್ನು ಕೇಳಲು ಒಟ್ಟಿಗೆ ಕುಳಿತರು. ಮನೆ ಉಳಿಯದು, ನಿಜ. ಆದರೆ ಪ್ರತಿಯೊಬ್ಬರ ಪಾಲಿಗೂ ಇಡಿಯಾದ ಪಡಸಾಲೆಯೊಂದು ದೊರೆಯಿತು.

ಹಳೆಯ ಮನೆಗಳುಳ್ಳ ಬಂಧುಗಳು ಹಾರೆ ಗುದ್ದಲಿ ಬರುವ ಮುನ್ನವೇ ಈ ಕೆಲಸ ಮಾಡಿಕೊಳ್ಳುವುದು ಒಳಿತು. ಉತ್ತಮ ಸಾಧನಗಳಿಲ್ಲದಿದ್ದರೆ ಇರುವ ಕ್ಯಾಮೆರಾದಿಂದಲೇ ಮೂಲೆಮೂಲೆಯನ್ನೂ ತೆಗೆದಿಡಿ. ಚಿತ್ರದ ಹಿಂದೆ ಯಾವ ಕೋಣೆ, ಯಾರು ಹುಟ್ಟಿದ್ದು, ಯಾರು ಕಟ್ಟಿಸಿದ್ದು ಎಂಬುದನ್ನು ಹಿರಿಯರಿಂದ ಕೇಳಿ ಬರೆಯಿಸಿ. ಗೋಡೆಯನ್ನು ಕ್ಯಾಮೆರಾ ಹಿಡಿದೀತು. ಆ ಹೆಸರುಗಳು ಹಿರಿಯರ ನೆನಪಿನಲ್ಲಿ ಮಾತ್ರ ಇವೆ.