ಹಳೆಯ ಬಿಡಿಭಾಗ ಕೇಳೋಣ

ಕಳೆದ ವರ್ಷ ಕಾರಿನ ಎಂಜಿನ್ ಆಯಿಲ್ ಬದಲಿಸಲೆಂದು ಗ್ಯಾರೇಜಿಗೆ ಬಿಟ್ಟಿದ್ದೆವು. ಬಂದದ್ದು 9,400 ರೂಪಾಯಿಗಳ ಬಿಲ್ಲು. ನಮ್ಮನ್ನು ಕೇಳದೆಯೇ ಬ್ರೇಕ್ ಪ್ಯಾಡ್‌ಗಳನ್ನೂ ಬದಲಿಸಿದ್ದರಂತೆ. ಸಂಕೋಚದಿಂದ ನಾವು ಹಣ ಎಣಿಸತೊಡಗಿದಾಗ, "ತೆಗೆದ ಹಳೆಯ ಪ್ಯಾಡ್‌ಗಳನ್ನು ಕೊಡಿ" ಎಂದು ಶ್ರೀಮತಿಯವರು ಶಾಂತವಾಗಿ ಕೇಳಿದರು. ಹುಡುಕಾಟ ನಡೆಯಿತು. ಪ್ಯಾಡ್ ಸಿಗಲಿಲ್ಲ, ಬಿಲ್ಲಿನಿಂದ 3,200 ರೂಪಾಯಿ ಇಳಿಯಿತು! ಬಾಯಿ ಬಿಡದೆ ಕೊಟ್ಟು ಬಂದ ಹಿಂದಿನ ಬಿಲ್ಲುಗಳೆಲ್ಲ ನೆನಪಾಗಿ ನಾಚಿಕೆಯೆನಿಸಿತು.

ಈಗ ಅಂದಾಜು ವೆಚ್ಚವನ್ನು ಮೊದಲೇ ಬರೆಸಿಕೊಳ್ಳುತ್ತೇವೆ. ನಮ್ಮ ಒಪ್ಪಿಗೆಯಿಲ್ಲದೆ ಹೆಚ್ಚಿನ ಕೆಲಸ ಕೂಡದೆಂದು ಜಾಬ್ ಕಾರ್ಡಿನಲ್ಲಿ ನಮೂದಿಸುತ್ತೇವೆ. ವಿವಾದ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಆಯೋಗವೂ ಇದೆ. ದುಡಿದವನಿಗೆ ಕೂಲಿ ಸಲ್ಲಲೇಬೇಕು. ಮಾಡದ ಕೆಲಸಕ್ಕೆ ಹಣ ತೆರುವುದು ಮಾತ್ರ ಔದಾರ್ಯವಲ್ಲ.