ಹನ್ನೆರಡು ಎಂದರೆ ಎಷ್ಟು?

ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆ ಕಾಯಲು ಕೋವಿ ಇಟ್ಟುಕೊಂಡ ಮನೆಗಳಲ್ಲಿ ‘ಹನ್ನೆರಡರ ತೋಟಾ’ ಎಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಏನು ಈ ಹನ್ನೆರಡು? ಇಂಚಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಗುಂಡುಗಳಾಗಿ ಮಾಡಿದರೆ ಒಂದೊಂದರ ವ್ಯಾಸ ಎಷ್ಟೋ, ನಳಿಕೆಯ ಒಳವ್ಯಾಸ ಅಷ್ಟು: ಸುಮಾರು 18.5 ಮಿ.ಮೀ. ಇಪ್ಪತ್ತು ಮಾಡಿದರೆ 15.6. ಸಂಖ್ಯೆ ಹೆಚ್ಚಾದಷ್ಟೂ ನಳಿಕೆ ಸಣ್ಣದು. ಈ ಲೆಕ್ಕ .410 ಕೋವಿಗೆ ಮಾತ್ರ ನಡೆಯುವುದಿಲ್ಲ. ಅದು ನೇರ ಇಂಚಿನ ಅಳತೆ.

ಈ ತಾಲ್ಲೂಕುಗಳ ಬೇಸಾಯದ ಪದಗಳು ನನ್ನ ಸಂಶೋಧನೆಯ ವಿಷಯ. ಕೋವಿ, ಮದ್ದು, ಚರೆ, ಕೇಪು, ಈಡು, ತೋಟಾ: ಎಲ್ಲವೂ ತಾತನ ಬಾಯಲ್ಲಿ ಕೇಳಿದವೇ. ಅರ್ಥ ಬರೆಯಲು ಕೂತಾಗ ನೆರವಿಗೆ ಬಂದದ್ದು ನಿಘಂಟಲ್ಲ, 1965ರಲ್ಲಿ ಮೊದಲು ಅಚ್ಚಾದ ಫ್ರ್ಯಾಂಕ್ ಬಾರ್ನ್ಸ್ ಅವರ ‘ಕಾರ್ಟ್ರಿಜಸ್ ಆಫ್ ದಿ ವರ್ಲ್ಡ್’. ಹವ್ಯಾಸಿಗಳಿಗೂ ಖಾಲಿ ಕೊಳವೆಗೆ ಮರಳಿ ಮದ್ದು ತುಂಬುವವರಿಗೂ ಅದು ಕೈಪಿಡಿ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ತೋಟಾ ತಯಾರಿಸಲು ಬೇರೆಯೇ ಪರವಾನಗಿ ಬೇಕು. ಹಾಗಾಗಿ ನಾನದನ್ನು ನಿಘಂಟಿನಂತೆಯೇ ಓದಿದೆ.

ಪ್ರತಿ ತೋಟಾಕ್ಕೂ ಗುಂಡಿನ ವ್ಯಾಸ, ಕೊಳವೆಯ ಕತ್ತು, ಬುಡ, ಅಂಚು, ಉದ್ದ ಎಂದು ಸಾಲುಸಾಲು ಅಂಕಿ. ಇಷ್ಟೇಕೆ ಎಂದರೆ ಹೆಸರನ್ನು ನಂಬುವಂತಿಲ್ಲ. ಜಿಮ್ ಕಾರ್ಬೆಟ್ ಬಳಸಿದ ರೈಫಲಿನ ತೋಟಾ ಇಂಗ್ಲೆಂಡಿನಲ್ಲಿ ‘.275 ರಿಗ್ಬಿ’, ಜರ್ಮನಿಯಲ್ಲಿ ‘7×57 ಮೌಸರ್’. ವಸ್ತು ಒಂದೇ, ಹೆಸರು ಎರಡು. ‘.38 ಸ್ಪೆಷಲ್’ ಗುಂಡಿನ ನಿಜ ವ್ಯಾಸ .357 ಇಂಚು.

ಹೆಸರಿನ ಗೊಂದಲ ಜೀವಕ್ಕೂ ಬರಬಹುದು. ಹನ್ನೆರಡರ ಕೋವಿಗೆ ಇಪ್ಪತ್ತರ ತೋಟಾ ಹಾಕಿದರೆ ಅದು ಮುಂದಕ್ಕೆ ಜಾರಿ ನಳಿಕೆಯೊಳಗೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದವರಿಗೆ ಕೋವಿ ಖಾಲಿ. ಹನ್ನೆರಡರದ್ದನ್ನು ತುಂಬಿ ಹೊಡೆದರೆ ನಳಿಕೆಯೇ ಸಿಡಿಯುತ್ತದೆ. ಅದಕ್ಕೇ ಅಮೆರಿಕದಲ್ಲಿ ಇಪ್ಪತ್ತರ ಕೊಳವೆಗೆ ಹಳದಿ ಬಣ್ಣ. ಇಂಗ್ಲಿಷ್ ಓದಲು ಬಾರದ ತಾತ ಹೇಳುತ್ತಿದ್ದದ್ದು ಒಂದೇ ಮಾತು: ‘ಯಾರೋ ಹೇಳುದ್ರು ಅಂತ ತುಂಬ್ಬೇಡ ಮಗ, ಕೋವಿ ನೋಡ್ಕೊಂಡು ತುಂಬು.’

ಯಾವ ತೋಟಾ ಯಾವ ಪ್ರಾಣಿಗೆ ಎಂಬುದನ್ನೂ ಕೈಪಿಡಿ ಹೇಳುತ್ತದೆ. ನಾಗರಹೊಳೆಯ ಅಂಚಿನಲ್ಲಿ, ಎಚ್.ಡಿ. ಕೋಟೆಯಲ್ಲಿ ಕೂತು ಓದುವಾಗ ಆ ಭಾಗ ವಿಚಿತ್ರವಾಗಿ ಕಾಣುತ್ತದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಇಲ್ಲಿ ಉಪಯೋಗದ ಪಟ್ಟಿಯಲ್ಲ, ಅಪರಾಧದ ಪಟ್ಟಿ. ಆನೆ ಹೊಲಕ್ಕಿಳಿದ ರಾತ್ರಿ ತಾತನ ಕೋವಿ ಆಕಾಶಕ್ಕೇ ಮುಖ ಮಾಡುತ್ತಿತ್ತು. ಅದು ಬೇಕಾಗಿದ್ದದ್ದು ಸದ್ದಿಗೆ. ಚುನಾವಣೆ ಬಂದರೆ ಅದೂ ಠಾಣೆಯಲ್ಲಿ. ಗಡಿಯಾಚೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿನಾಯಿತಿಯಿದೆ. ಪಿರಿಯಾಪಟ್ಟಣದ ರೈತನಿಗೆ ಇಲ್ಲ.

ಪತ್ರಿಕೆಗಳು ತೋಟಾವನ್ನೂ ‘ಗುಂಡು’ ಎಂದೇ ಬರೆಯುವುದುಂಟು. ಗುಂಡು ಬರೀ ಸೀಸ. ಕೊಳವೆ, ಕೇಪು, ಮದ್ದು, ಚರೆ ಅಥವಾ ಗುಂಡು ಇಷ್ಟೂ ಸೇರಿದರೆ ತೋಟಾ. ಸಿಡಿದ ಮೇಲೆ ಉಳಿಯುವುದು ಖಾಲಿ ಕೊಳವೆ. ಕಾಡಂಚಿನ ತಪಾಸಣೆಯಲ್ಲಿ ಒಬ್ಬನ ಜೇಬಿನಿಂದ ಇವುಗಳಲ್ಲಿ ಯಾವುದು ಸಿಕ್ಕಿತು ಎಂಬುದರ ಮೇಲೆ ಅವನ ಮೊಕದ್ದಮೆಯ ಗತಿ ನಿಂತಿರುತ್ತದೆ. ಆದ್ದರಿಂದ ನನ್ನ ಪದಕೋಶದಲ್ಲಿ ಮೂರಕ್ಕೂ ಮೂರು ಪ್ರತ್ಯೇಕ ನಮೂದು. ‘ತೋಟಾ’ದ ಮುಂದೆ ಅಳತೆ, ಅದರ ಪಕ್ಕದಲ್ಲಿ ಅದು ಯಾವ ಕೋವಿಯದು ಎಂದೂ ಬರೆದಿದ್ದೇನೆ.